ಹೊಸಬರಿಗೆ ಏಳು ಮನೆಯ ವಾರ

ಬಸ್ಸಿನಿಂದ ಪೂರ್ತಿ ಕೆಳಗಿಳಿಯುವ ಮೊದಲೇ ವಾಪಸ್ ಬಸ್ಸಿನ ಹೊತ್ತು ಕೇಳಿದ ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆತ ನಮ್ಮ ಅಫಜಲಪುರದ ಹೈಸ್ಕೂಲಿಗೆ ವರ್ಗವಾಗಿ ಬಂದ ವಿಜ್ಞಾನದ ಮಾಸ್ತರ. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ಕಾಲು ನಮ್ಮೂರ ನೆಲದ ಮೇಲೆ. "ಇದು ತಿರುಗಿ ಎಷ್ಟೊತ್ತಿಗೆ ಹೊರಡುತ್ತೆ?" ಎಂದು ಡ್ರೈವರನ್ನು ಕೇಳಿದನಂತೆ. ಶಾಲೆಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ರಜೆ ಅರ್ಜಿ ಬರೆದುಕೊಟ್ಟು, ಅದೇ ಬಸ್ಸು ಹತ್ತಿ ಕಲಬುರ್ಗಿಗೆ ಹೊರಟುಬಿಟ್ಟ. ನಮ್ಮೂರ ನೀರನ್ನು ಸಹ ಕುಡಿಯಲಿಲ್ಲ.

ಇದನ್ನು ನನಗೆ ಹೇಳಿದವರು ಬಸ್ ಸ್ಟ್ಯಾಂಡಿನ ಎದುರಿಗೆ ಅಂಗಡಿ ಇಟ್ಟಿದ್ದ ದರ್ಜಿ. ನಾನು ಆಗ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಶಾಲೆ ಬಿಟ್ಟು ಮನೆಗೆ ಹೋಗುವ ದಾರಿಯಲ್ಲೇ ಅವರ ಅಂಗಡಿ. ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಅವರು ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು.

"ಅಕ್ಕೋರ, ಈ ವರ್ಷದಾಗ ಇದು ಮೂರನೇದ್ದು ನೋಡ್ರಿ. ನಾ ಬಟನ್ ಹಚ್ಚೂದರಾಗ ಬರ್ತಾರ, ಕಾಜ ಹೊಲ್ಯೂದರಾಗ ಹೋಗ್ತಾರ."

ಎಂಬತ್ತರ ದಶಕದ ನಡುವಿನ ಮಾತು ಇದು. ತಪ್ಪು ಮಾಡಿದ ನೌಕರರನ್ನು ಶಿಕ್ಷೆಗೆಂದು ನಮ್ಮ ಕಡೆ ಕಳಿಸುತ್ತಾರೆ ಎಂಬುದು ಎಲ್ಲರ ಬಾಯಲ್ಲೂ ಇತ್ತು. ತಮಾಷೆಯಂತೆ ಹೇಳುತ್ತಿದ್ದರು, ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ಮಾಡಿದವರು ಇಲ್ಲಿಗೆ ಬರುವುದಾದರೆ ಇಲ್ಲೇ ಹುಟ್ಟಿದ ನಾವು ಯಾವ ತಪ್ಪು ಮಾಡಿದ್ದೆವು? ನಮ್ಮ ಭೀಮೆಯ ನೀರು ಸಪ್ಪಗಿದೆಯೇ, ನಮ್ಮ ಜೋಳಕ್ಕೆ ಹುಳ ಬಿದ್ದಿದೆಯೇ? ಬಂದವರು ನಾಲ್ಕು ದಿನವಾದರೂ ಇದ್ದು, ನೋಡಿ, ಆಮೇಲೆ ಬೈದು ಹೋಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆ ದಿನ ದರ್ಜಿಯ ಅಂಗಡಿಯ ಕಟ್ಟೆಯ ಮೇಲೆ ಕೂತು ನಾನು ಒಂದು ಮಾತು ಹೇಳಿದೆ. ನನ್ನ ಅಪ್ಪ ಆಳಂದದಲ್ಲಿ ವಾರ ಉಂಡು ಓದಿದವರು. ಅಂದರೆ ಸೋಮವಾರ ಒಬ್ಬರ ಮನೆಯ ಊಟ, ಮಂಗಳವಾರ ಇನ್ನೊಬ್ಬರ ಮನೆಯ ಊಟ. ಹೀಗೆ ಏಳು ಮನೆಗಳು ಸೇರಿ ಒಬ್ಬ ಬಡ ಹುಡುಗನನ್ನು ಓದಿಸುವ ಪದ್ಧತಿ. ಅಪ್ಪನಿಗೆ ಎಂಬತ್ತು ದಾಟಿದ ಮೇಲೂ ಆ ಏಳು ಮನೆಗಳ ರುಚಿ ನೆನಪಿತ್ತು. "ಮಂಗಳವಾರದ ಮನಿ ಸಾರಿಗೆ ಉಪ್ಪು ಜಾಸ್ತಿ, ಪ್ರೀತಿನೂ ಜಾಸ್ತಿ" ಎನ್ನುತ್ತಿದ್ದರು. ಓದುವವರಿಗೆ ವಾರ ಹಚ್ಚಿದ ಹಾಗೆ, ಹೊಸದಾಗಿ ಊರಿಗೆ ಬಂದ ಪ್ರಾಯದ ನೌಕರರಿಗೂ ನಾವೇಕೆ ವಾರ ಹಚ್ಚಬಾರದು?

ದರ್ಜಿ ಬಾಯಿಂದ ಸೂಜಿ ತೆಗೆದರು. "ಶುಕ್ರವಾರ ನಂದು ಬರ್ಕೋರಿ" ಎಂದರು.

ಹಾಗೆ ಶುರುವಾಯಿತು. ನಮ್ಮ ಗುಂಪಿಗೆ ಹೆಸರಿಡಲಿಲ್ಲ. ಹೆಸರಿಟ್ಟರೆ ಅಧ್ಯಕ್ಷರು ಬೇಕು, ಅಧ್ಯಕ್ಷರಿದ್ದರೆ ಜಗಳ ಬೇಕೇ ಬೇಕು. ಏಳು ಮನೆಗಳು ಒಪ್ಪಿದವು: ಒಂದು ಕಿರಾಣಿ ಅಂಗಡಿಯವರದು, ಒಂದು ಆಸ್ಪತ್ರೆಯ ಕಂಪೌಂಡರರದು, ಒಂದು ಬುದ್ಧವಿಹಾರದ ಹಿಂದಿದ್ದ, ಮನೆ ಕಟ್ಟುವ ಗೌಂಡಿಯವರದು, ಹೀಗೆ. ಸೋಮವಾರ ನಮ್ಮದು. ದರ್ಜಿ ತಮ್ಮ ಅಂಗಡಿಯ ಒಳಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಏಳು ವಾರ, ಏಳು ಮನೆ ಎಂದು ಬರೆದಿಟ್ಟರು. ಹೊಸಬರು ಯಾರೇ ಬಸ್ಸಿಳಿದರೂ ಅಂಗಡಿಯಿಂದ ಎದ್ದು ಹೋಗಿ ಪೆಟ್ಟಿಗೆ ಹಿಡಿಯುವ ಕೆಲಸ ಅವರದು. ಕಿರಾಣಿಯವರ ಹಿತ್ತಲಿನಲ್ಲಿ ಒಂದು ಕೋಣೆಗೆ ಸುಣ್ಣ ಬಳಿದೆವು. ಒಬ್ಬರು ಮಂಚ ಕೊಟ್ಟರು, ಒಬ್ಬರು ಕಂದೀಲು. ಯಾರ ಕಡೆಯಿಂದಲೂ ಏನನ್ನೂ ಕೇಳಿ ಪಡೆಯಲಿಲ್ಲ, ತಾವಾಗಿ ತಂದಿಟ್ಟರು. ನನಗಂತೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮೊದಲು ಬಂದವನು ಒಬ್ಬ ದನದ ಡಾಕ್ಟರು. ಏಳು ಮನೆಯ ತುಪ್ಪ ತಿಂದು ಎರಡು ಸುತ್ತು ದಪ್ಪಗಾದ. ವರ್ಷ ತುಂಬುವುದರೊಳಗೆ ವರ್ಗ ಮಾಡಿಸಿಕೊಂಡ. ಹೋಗುವಾಗ ಅತ್ತ, ಆದರೆ ಹೋದ. ಆಮೇಲೆ ಬಂದ ಲೋಕೋಪಯೋಗಿ ಇಲಾಖೆಯ ಹುಡುಗನದೂ ಅದೇ ಕತೆ. ಅತ್ತದ್ದನ್ನು ನೋಡಿ ನಾವು ಖುಷಿಪಟ್ಟೆವು, ಹೋದದ್ದರ ಬಗ್ಗೆ ಯೋಚಿಸಲಿಲ್ಲ. ಅಲ್ಲಿಯೇ ತಪ್ಪಿದ್ದು.

ಅಷ್ಟರಲ್ಲಿ ನಮ್ಮೂರ ಪಿಯು ಕಾಲೇಜಿಗೆ ವಿಜ್ಞಾನ ವಿಭಾಗ ಸಿಕ್ಕಿತು. ಎಷ್ಟು ಜನ ಎಷ್ಟು ಸಲ ಹೋಗಿ ಕೇಳಿಕೊಂಡ ಮೇಲೆ ಸಿಕ್ಕಿದ್ದು ಅದು! ಆದರೆ ಒಂದು ಮಾತು ಸ್ಪಷ್ಟವಿತ್ತು. ಕಲಿಸುವವರು ಇಲ್ಲಿ ನಿಲ್ಲದಿದ್ದರೆ ವಿಭಾಗ ಮುಚ್ಚುತ್ತಾರೆ. ಸೇರಿದವರಲ್ಲಿ ಏಳು ಹುಡುಗಿಯರಿದ್ದರು, ಅವರಲ್ಲಿ ಒಬ್ಬಳು ನನ್ನ ಮಗಳು. ನಮ್ಮ ಯಜಮಾನರು ಕೆಟ್ಟವರಲ್ಲ, ಆದರೆ ಅವರ ಮಾತು ಮಾತೇ. "ಊರಾಗ ಇದ್ರ ಸೈನ್ಸ್ ಓದ್ಲಿ. ಕಲಬುರ್ಗಿ ಹಾಸ್ಟೆಲ್ ಮಾತು ಮಾತ್ರ ತೆಗೀಬ್ಯಾಡ" ಎಂದಿದ್ದರು. ಉಳಿದ ಆರು ಹುಡುಗಿಯರ ಮನೆಗಳಲ್ಲೂ ಅಪ್ಪಂದಿರು ಇದನ್ನೇ ಹೇಳಿದ್ದರು. ವಿಭಾಗ ಮುಚ್ಚಿದರೆ ಈ ಏಳು ಹುಡುಗಿಯರ ಓದು ಅಲ್ಲಿಗೇ ಮುಗಿಯಿತು. ಆಮೇಲೆ ವರ ಹುಡುಕುವುದೊಂದೇ ಉಳಿಯುತ್ತಿತ್ತು.

ಗಣಿತ ಕಲಿಸಲು ಬಂದವಳು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ದಕ್ಷಿಣದ ಕಡೆಯವಳು. ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ, ಕೈಯಲ್ಲೊಂದು ಕೊಡೆ. ಮಳೆಯೇ ಇಲ್ಲದ ಜೂನ್ ತಿಂಗಳಲ್ಲಿ ಕೊಡೆ ಹಿಡಿದು ಇಳಿದವಳನ್ನು ನೋಡಿ ದರ್ಜಿಗೆ ನಗು ತಡೆಯಲಾಗಲಿಲ್ಲವಂತೆ. ಆಕೆ ಡ್ರೈವರನ್ನು ಏನನ್ನೂ ಕೇಳಲಿಲ್ಲ ಎಂದು ಅವರು ಮುಖ್ಯವಾಗಿ ನನಗೆ ತಿಳಿಸಿದರು.

ಆಕೆ ಪಾಠ ಮಾಡಿದಳು ನೋಡಿ! ಮಗಳು ಸಂಜೆ ಮನೆಗೆ ಬಂದರೆ ಬಾಯಿ ಮುಚ್ಚುತ್ತಿರಲಿಲ್ಲ. ರೊಟ್ಟಿ ತಟ್ಟುವ ನನ್ನ ಪಕ್ಕ ಕೂತು ಇದ್ದಿಲಿನಿಂದ ಗೋಡೆಯ ಮೇಲೆ ಸಮೀಕರಣ ಬರೆಯುತ್ತಿದ್ದಳು. ಲೆಕ್ಕ ಎಂದರೆ ಹೆದರಿ ಜ್ವರ ಬರಿಸಿಕೊಳ್ಳುತ್ತಿದ್ದ ಹುಡುಗಿ, "ಯವ್ವಾ, ಇದನ್ನ ಇನ್ನೊಂದು ರೀತೀಲೆ ಮಾಡಾಕ ಬರತೈತಿ, ನೋಡಿಲ್ಲೆ" ಎನ್ನತೊಡಗಿದ್ದಳು. ನನಗೆ ಸಮೀಕರಣ ತಿಳಿಯುತ್ತಿರಲಿಲ್ಲ, ಅವಳ ಮುಖ ತಿಳಿಯುತ್ತಿತ್ತು.

ಇಂಥವಳನ್ನು ಬಿಟ್ಟುಕೊಡುವುದುಂಟೇ? ಏಳೂ ಮನೆಗಳು ಪೈಪೋಟಿಗೆ ಬಿದ್ದವು. ಸೋಮವಾರ ನಾನು ಶೇಂಗಾ ಹೋಳಿಗೆ ಮಾಡಿದರೆ ಮಂಗಳವಾರ ಕಿರಾಣಿಯವರು ಗೋಧಿ ಹುಗ್ಗಿ ಮಾಡುತ್ತಿದ್ದರು. ಆಕೆ ಸಾಕು ಎಂದರೆ ಇನ್ನೆರಡು ಬಡಿಸುವುದು ನಮ್ಮ ಕಡೆಯ ರಿವಾಜು. ಪಡಸಾಲೆಯಲ್ಲಿ ಜಮಖಾನ ಹಾಸಿ, ಮಣೆ ಇಟ್ಟು, ಆಕೆಯೊಬ್ಬಳನ್ನೇ ಕೂರಿಸಿ, ನಾವೆಲ್ಲ ಸುತ್ತ ನಿಂತು ಉಣಿಸುತ್ತಿದ್ದೆವು. ಉಂಡ ತಾಟು ಎತ್ತಲು ಹೋದರೆ ನಾಲ್ಕು ಕೈಗಳು ಅಡ್ಡ ಬರುತ್ತಿದ್ದವು. ನನ್ನ ಶಾಲೆಯ ಹುಡುಗಿಯರು ದಿನಾ ಬೆಳಿಗ್ಗೆ ಆಕೆಯ ಕೋಣೆಗೆ ನೀರು ತುಂಬಿಡುತ್ತಿದ್ದರು. ಕಾಲೇಜಿಗೆ ಹೋಗುವಾಗ ಚೀಲ ಹಿಡಿಯಲು ಒಬ್ಬಳು, ಕೊಡೆ ಹಿಡಿಯಲು ಒಬ್ಬಳು. ರಾಣಿಗೂ ಇಷ್ಟು ಸೇವೆ ಇರಲಿಕ್ಕಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದೆ.

ಎಂಟು ತಿಂಗಳು ಕಳೆದಿರಬೇಕು. ಒಂದು ಶನಿವಾರ ದರ್ಜಿ ನನ್ನನ್ನು ಕೈ ಬೀಸಿ ಕರೆದರು. ಅವರ ಮುಂದೆ ನಾಲ್ಕು ರವಿಕೆಗಳಿದ್ದವು.

"ಇವು ಲೆಕ್ಕದ ಮೇಡಂ ಅವರವು. ಹಿಡೀಬೇಕಂತ. ಒಂದೊಂದು ಬಾಜೂಕ ಇಷ್ಟಿಷ್ಟು." ಎರಡು ಬೆರಳು ತೋರಿಸಿದರು. "ನಾ ಮೂವತ್ತು ವರ್ಷದಿಂದ ಮಂದಿ ಮೈ ಅಳಿಯಾಕತ್ತೇನಿ. ಏಳು ಮನಿ ಊಟ ಉಣ್ಣಾಕಿ ಹಿಂಗ ಇಳೀತಾಳೇನ್ರಿ ಅಕ್ಕೋರ? ಹಾಸಿಗಿ ಕಟ್ಟೂ ಪಟ್ಟಾನೂ ರಿಪೇರಿಗೆ ಕೊಟ್ಟಾಳ."

ಹಾಸಿಗೆಯ ಪಟ್ಟಿ ರಿಪೇರಿ ಮಾಡಿಸುವವರು ಊರು ಬಿಡುವವರು. ಮರುದಿನ ಭಾನುವಾರ ಮಧ್ಯಾಹ್ನ ಆಕೆಯ ಕೋಣೆಗೆ ಹೋದೆ.

ಆಕೆ ಬಂದ ಮೇಲೆ ನಾನು ಆ ಕೋಣೆಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಸುಣ್ಣ ಬಳಿದ ದಿನ ಹೇಗಿತ್ತೋ ಹಾಗೆಯೇ ಇತ್ತು. ಗೋಡೆಗೆ ನಾವು ಹೊಡೆದ ಮೊಳೆಗಳಿಗೆ ಒಂದು ಸೀರೆಯೂ ತೂಗಿರಲಿಲ್ಲ. ಬಟ್ಟೆಗಳೆಲ್ಲ ಇನ್ನೂ ಟ್ರಂಕಿನಲ್ಲೇ ಇದ್ದವು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಹೊರಟಿದ್ದೀಯಾ ಎಂದು ನೇರವಾಗಿ ಕೇಳಿದೆ. ಆಕೆ ತಲೆ ತಗ್ಗಿಸಿ ಹೌದು ಎಂದಳು. ವರ್ಗಾವಣೆಯ ಅರ್ಜಿ ಕಳಿಸಿ ತಿಂಗಳಾಗಿತ್ತು.

"ಏನ್ ಕಡಿಮಿ ಮಾಡೀವಿ ನಿನಗ?" ಎಂದು ಜೋರಾಗಿಯೇ ಕೇಳಿದೆ.

"ಯಾರೂ ಏನೂ ಕಡಿಮೆ ಮಾಡಿಲ್ಲ. ಕಷ್ಟ ಆಗಿರೋದು ಅದೇ" ಎಂದಳು. "ಎಂಟು ತಿಂಗಳಾಯ್ತು, ಒಂದು ಲೋಟ ತೊಳೆಯೋಕೂ ಯಾರೂ ಬಿಟ್ಟಿಲ್ಲ. ನಿಮ್ಮೆಲ್ಲರ ಮನೇಲಿ ನಾನು ನೋಡಿರೋದು ಪಡಸಾಲೆ ಒಂದೇ. ನಾನು ಊಟ ಮಾಡ್ತಿದ್ರೆ ಮನೆಮಂದಿಯೆಲ್ಲ ನಿಂತು ನೋಡ್ತಾರೆ. ದಿನಾ ಸಂಜೆ ಹೆಣ್ಣು ನೋಡೋಕೆ ಬಂದ ಹಾಗಿರುತ್ತೆ. ತುತ್ತು ಗಂಟಲಲ್ಲಿ ಇಳಿಯಲ್ಲ. ಬೇಜಾರಾದ್ರೆ ಹೇಳ್ಕೊಳ್ಳೋಕೂ ಆಗಲ್ಲ, ಇಷ್ಟೆಲ್ಲ ಮಾಡ್ತಿರೋರಿಗೆ ಏನಂತ ಹೇಳೋದು?"

ಬುದ್ಧಿ ಇದ್ದವಳಾಗಿದ್ದರೆ ನಾನು ಅಲ್ಲಿ ಕೂತು ಇನ್ನಷ್ಟು ಕೇಳಬೇಕಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹೋಗು ಹಂಗಾರ. ನಮ್ಮೂರ ಮಂದಿ ಯಾರ ಕಾಲೂ ಹಿಡ್ಕೊಂಡು ಕುಂದ್ರಂಗಿಲ್ಲ" ಎಂದು ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಮನೆಯ ಹೊಸ್ತಿಲು ದಾಟುವ ಹೊತ್ತಿಗೆ ಮಗಳ ನೆನಪಾಯಿತು.

ಅಡುಗೆಮನೆಯಲ್ಲಿ ಅತ್ತೆ ಪುಂಡಿಪಲ್ಯ ಸೋಸುತ್ತಿದ್ದರು. ಅವರು ಮಣ್ಣೂರಿನ ಹೆಣ್ಣು, ಭೀಮಾ ದಂಡೆಯವರು. ಹೊಳೆ ನೀರಿನಷ್ಟೇ ಸೀದಾ ಮಾತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು.

"ಏಳು ಮನಿ ಕೂಡಿ ಒಂದು ಹುಡುಗೀನ ಬೀಗತಿ ಮಾಡಿ ಕುಂದ್ರಿಸೀರಿ. ಬೀಗರು ಎಷ್ಟು ದಿನ ಇರ್ತಾರಬೇ? ಉಂಡು, ಉಡಿ ತುಂಬಿಸ್ಕೊಂಡು ಹೋಗ್ತಾರ."

"ವಾರ ಹಚ್ಚೀವಿ ಅತ್ತಿ. ನಮ್ಮಪ್ಪ ಉಂಡಂಥಾ ವಾರ" ಎಂದು ನಾನು ವಾದಿಸಿದೆ.

"ನಿಮ್ಮಪ್ಪ ಬರೇ ಉಂಡು ಬರ್ತಿದ್ನೇನು? ಇದೇ ಮನಿ ಕಟ್ಟಿ ಮ್ಯಾಲ ಕುಂತು ನನಗ ಹೇಳ್ಯಾನ. ಸೋಮವಾರದ ಮನ್ಯಾಗ ಬಾವಿ ನೀರು ಸೇದೂದು, ಮಂಗಳವಾರದ ಮನಿ ಮುದುಕಗ ಪೇಪರ್ ಓದಿ ಹೇಳೂದು, ಬುಧವಾರದ ಮನಿ ಹುಡುಗರಿಗೆ ಮಗ್ಗಿ ಕಲಸೂದು. ಕೆಲಸ ಮಾಡಿ ಉಂಡಾನ, ಅದಕ್ಕ ಅವು ಏಳೂ ಮನಿ ಅವನವ ಆದ್ವು. ನೀವು ಊಟ ನೆನಪಿಟ್ಟು ಕೆಲಸ ಮರ್ತೀರಿ."

ಆ ಮಾತನ್ನು ನಾನು ಅಪ್ಪನ ಬಾಯಿಂದಲೇ ನೂರು ಸಲ ಕೇಳಿದ್ದೆ. ಒಂದು ಸಲವೂ ತಲೆಗೆ ಹೋಗಿರಲಿಲ್ಲ. ಕಾಯಕ ಮಾಡಿ ಉಣ್ಣಬೇಕು ಎಂದು ಶಾಲೆಯಲ್ಲಿ ಮಕ್ಕಳಿಗೆ ದಿನಾ ಹೇಳುವವಳು ನಾನು. ಕೊಡುವುದರಲ್ಲಿ ನಮ್ಮೂರವರ ಕೈ ದೊಡ್ಡದು, ನಿಜ. ಆದರೆ ಕೊಟ್ಟೇ ಕೊಟ್ಟು ಒಬ್ಬರನ್ನು ಹೊರಗಿನವರಾಗಿಯೇ ಇಟ್ಟುಬಿಡಬಹುದು ಎಂದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ಸೋಮವಾರ. ನಾನು ಅಷ್ಟೆಲ್ಲ ಅಂದ ಮೇಲೂ ಆಕೆ ಬಂದಳು, ಬರದಿದ್ದರೆ ಅತ್ತೆಗೆ ಬೇಸರವಾದೀತು ಎಂದು. ಪಡಸಾಲೆಯಲ್ಲಿ ಜಮಖಾನ ಇರಲಿಲ್ಲ. ಆಕೆ ಎಲ್ಲಿ ಕೂರಬೇಕೋ ತಿಳಿಯದೆ ನಿಂತಳು. ಒಳಗಿಂದ ಅತ್ತೆಯ ದನಿ ಬಂತು.

"ಬಾರವ್ವ ಒಳಗ. ಕೈ ತೊಳಕೊ. ಇವತ್ತು ರೊಟ್ಟಿ ನಿಂದ."

ಆಕೆ ಒಲೆಯ ಮುಂದೆ ಕೂತು ಜೋಳದ ಹಿಟ್ಟಿಗೆ ತಣ್ಣೀರು ಹಾಕಿದಳು. "ಬಿಸಿನೀರು ಹಾಕಬೇಕಬೇ! ಕಾಲೇಜಿನ್ಯಾಗ ಲೆಕ್ಕ ಕಲಸ್ತಿ, ಹಿಟ್ಟಿಗೂ ಲೆಕ್ಕ ಐತಿ ಅನ್ನೂದು ಗೊತ್ತಿಲ್ಲೇನು?" ಎಂದು ಅತ್ತೆ ಗದರಿದರು. ಎಂಟು ತಿಂಗಳಲ್ಲಿ ಊರಿನಲ್ಲಿ ಆಕೆಯನ್ನು ಯಾರಾದರೂ ಗದರಿದ್ದು ಅದೇ ಮೊದಲು. ಆಕೆ ತಿರುಗಿ ನೋಡಿ ನಕ್ಕುಬಿಟ್ಟಳು. ಮೊದಲ ರೊಟ್ಟಿ ಕೈಯಲ್ಲೇ ಬಿರಿಯಿತು. ಎರಡನೆಯದು ಹಂಚಿನ ಮೇಲೆ ಹರಿಯಿತು. ಮೂರನೆಯದನ್ನು ರೊಟ್ಟಿ ಎನ್ನಬಹುದಿತ್ತು, ಮನಸ್ಸು ಮಾಡಿದರೆ. ಆ ಮೂರನ್ನೂ ಆಕೆಯೇ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದಳು, ಒಲೆಯ ಪಕ್ಕ ನಮ್ಮ ಜೊತೆಗೇ ಕೂತು. ಆಮೇಲೆ ತಾಟು ತೊಳೆದಳು. ನನ್ನ ಕೈ ತಡೆಯಲು ಹೋಯಿತು. ಅತ್ತೆ ಕಣ್ಣು ಬಿಟ್ಟರು, ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಉಳಿದ ಆರು ಮನೆಗಳಿಗೂ ನಾನೇ ಹೋಗಿ ಹೇಳಿದೆ. ಅನ್ನ ಹಾಕಿ ಎಂದು ಕೇಳುವುದು ಸುಲಭವಿತ್ತು. ಕೆಲಸ ಹೇಳಿ ಎಂದು ಕೇಳುವುದು ಬಲು ಕಷ್ಟವಾಯಿತು. ಕಿರಾಣಿಯವರ ಹೆಂಡತಿ ಕಿವಿ ಮುಚ್ಚಿಕೊಂಡರು. "ಛೀ ಛೀ, ಉಣಿಸಿ ದುಡಸ್ಕೊಂಡ್ರು ಅಂತ ಮಂದಿ ಅನ್ನಂಗಿಲ್ಲೇನ್ರಿ? ನಮ್ಮ ಮನಿ ಮರ್ಯಾದಿ ಏನಾಗಬೇಕು?" ನಾನು ಅವರ ಜೊತೆ ಜಗಳ ಮಾಡಬೇಕಾಯಿತು. ಕೊನೆಗೆ ಸಂಜೆ ಅವರ ಮಗುವನ್ನು ಎತ್ತಿಕೊಳ್ಳುವಷ್ಟಕ್ಕೆ ಒಪ್ಪಿದರು. ಕಂಪೌಂಡರರ ತಾಯಿಗೆ ಕಣ್ಣು ಮಂಜು, ಅವರಿಗೆ ಮಗಳ ಪತ್ರ ಓದಿ ಹೇಳುವವರು ಬೇಕಿತ್ತು. ಒಂದೇ ಪತ್ರವನ್ನು ನಾಲ್ಕು ಸಲ ಓದಿಸಿಕೊಳ್ಳುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಗೆದ್ದವರು ದರ್ಜಿ. ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಹುಡುಗಿಯರ ಕೊಡೆ ಲಂಗ ಹೊಲಿಯುವ ಕೆಲಸ ಅವರಿಗೆ ಬಂದಿತ್ತು. ಪ್ರತಿ ವರ್ಷವೂ ಬಟ್ಟೆ ಸಾಲದೆ ಕೊನೆಯ ಎರಡು ಲಂಗಕ್ಕೆ ಬೇರೆ ಬಣ್ಣದ ತುಂಡು ಕೂಡಿಸುತ್ತಿದ್ದರು. ಸಂಕೋಚಪಡುತ್ತಲೇ ಆಕೆಯನ್ನು ಕೇಳಿದರು. ಆಕೆ ಅವರ ಕತ್ತರಿ ಮೇಜಿನ ಮೇಲೆ ದಾರಕ್ಕೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆದಳು, ಅದರೊಳಗೆ ಇನ್ನೊಂದು ವೃತ್ತ ಎಳೆದಳು, ಒಂದರ ಸಂದಿಯಲ್ಲಿ ಇನ್ನೊಂದನ್ನು ಹೇಗೆ ಕೂಡಿಸಬೇಕೆಂದು ತೋರಿಸಿದಳು. ಆ ವರ್ಷ ಎಲ್ಲ ಲಂಗಗಳೂ ಒಂದೇ ಬಣ್ಣದವಾದವು. "ಯಾ ಅಲ್ಲಾ, ಇಷ್ಟು ವರ್ಷ ನಾ ಬಟ್ಟಿ ಕತ್ತರಸಿದ್ನೋ, ನನ್ನ ಕಿಸಾ ಕತ್ತರಸಿದ್ನೋ!" ಎಂದು ದರ್ಜಿ ಊರಿಗೆಲ್ಲ ಹೇಳಿದರು. ಅಂದಿನಿಂದ ಅವರ ಮಗಳು ಮತ್ತು ಓಣಿಯ ಹುಡುಗಿಯರು ಆ ಮೇಜಿನ ಸುತ್ತ ಕೂತು ಲೆಕ್ಕ ಕಲಿಯತೊಡಗಿದರು. ಗಿರಾಕಿಗಳು ಹೊರಗೆ ನಿಂತು ಕಾಯಬೇಕಾಗುತ್ತಿತ್ತು. ಕಾಯಲಿ ಎನ್ನುತ್ತಿದ್ದರು ದರ್ಜಿ.

ಆಕೆ ತಿರುಗಿ ಮೈತುಂಬಿಕೊಂಡಳು. ಹಿಡಿದ ರವಿಕೆಗಳನ್ನು ದರ್ಜಿ ಮತ್ತೆ ಬಿಚ್ಚಿಕೊಟ್ಟರು. ಒಂದು ಸಲ ನನ್ನ ಜೊತೆಯೇ ಜಗಳ ಮಾಡಿದಳು, ನನ್ನ ಮಗಳನ್ನು ನಾನು ವಿಪರೀತ ಬೈಯುತ್ತೇನೆ ಎಂದು. ಮನಸ್ಸಿನಲ್ಲೇ ನನಗೆ ಎಷ್ಟು ಸಂತೋಷವಾಯಿತೆಂದರೆ, ಜಗಳವನ್ನು ಬೇಗ ಮುಗಿಸಲು ಮನಸ್ಸಾಗಲಿಲ್ಲ.

ಆದರೆ ಅರ್ಜಿ ಹೋಗಿಯಾಗಿತ್ತು. ಕಾಗದಕ್ಕೆ ನಮ್ಮ ರೊಟ್ಟಿಯ ಸುದ್ದಿ ಹೇಗೆ ಗೊತ್ತಾಗಬೇಕು? ಬೇಸಿಗೆ ಮುಗಿದು ಕಾಲೇಜು ತೆರೆಯುವ ಹೊತ್ತಿಗೆ ಆದೇಶ ಬಂತು. ಆಕೆ ಕೇಳಿದ ಊರೇ, ಆಕೆಯ ತವರಿನ ಕಾಲೇಜೇ ಸಿಕ್ಕಿತ್ತು. ಹುಡುಗಿಯರಿಗೆ ಇನ್ನೂ ಒಂದು ವರ್ಷದ ಓದು ಬಾಕಿ ಇತ್ತು. ಮಗಳು ಸುದ್ದಿ ತಂದು ಬಾಗಿಲಲ್ಲೇ ಕೂತಳು. ಅಳಲಿಲ್ಲ. ಪುಸ್ತಕಕ್ಕೆ ಹಾಕಿದ ರಟ್ಟಿನ ತುದಿಯನ್ನು ಉಗುರಿನಿಂದ ಕೀಳುತ್ತ ಕೂತಿದ್ದಳು.

ನನಗೆ ಗೊತ್ತಿದ್ದದ್ದು ಒಂದೇ ದಾರಿ. ಹಸಿರು ಖಣ, ತೆಂಗಿನಕಾಯಿ, ಅಕ್ಕಿ ಎಲ್ಲ ತಂದಿಟ್ಟೆ. ಊರು ಬಿಟ್ಟು ಹೋಗುವ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸಬೇಕಲ್ಲ. ಅತ್ತೆ ಅವನ್ನೆಲ್ಲ ಎತ್ತಿ ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟರು.

"ಉಡಿ ತುಂಬಿ ಬಸ್ ಹತ್ತಸೂದು ನಮಗ ಭಾಳ ಚಂದ ಬರತೈತಿ. ಈ ಸಲ ಅದು ಬ್ಯಾಡ."

"ಮತ್ತೇನು ಮಾಡೂಣು? ಕಾಲು ಬೀಳೂಣೇನು?"

"ನಾಳೆ ಸೋಮವಾರ. ಹಿಟ್ಟು ಬೀಸಿಡು" ಎಂದರು.

ಸೋಮವಾರ ಆಕೆ ಬಂದಳು. ಎಂದಿನಂತೆ ಸೆರಗು ಸಿಕ್ಕಿಸಿ ಒಲೆ ಮುಂದೆ ಕೂತಳು. ರೊಟ್ಟಿ ಈಗ ದುಂಡಗೆ ಬರುತ್ತಿತ್ತು, ಕೈ ಸಪ್ಪಳವೂ ನಮ್ಮದರಂತೆ ಆಗಿತ್ತು. ನಾನು ತುಟಿ ಕಚ್ಚಿಕೊಂಡಿದ್ದೆ, ಬಾಯಿ ಬಿಟ್ಟರೆ ಬೇಡಿಕೊಂಡುಬಿಡುತ್ತೇನೆ ಎಂಬ ಹೆದರಿಕೆ. ಕೊನೆಗೆ ಆಕೆಯೇ, "ಅಜ್ಜಿ, ಹೋಗಬೇಡ ಅಂತ ನೀವಾದರೂ ಒಂದು ಮಾತು ಹೇಳಬಾರದಾ?" ಎಂದಳು.

"ನಾ ಯಾಕ ಹೇಳ್ಲಿ? ಬೀಗರಿಗೆ ಇರ್ರಿ ಅಂತ ಹೇಳ್ತಾರ. ಮನಿ ಮಂದಿಗೆ ಯಾರರ ಹೇಳ್ತಾರೇನು? ಹೋಗೂದು, ಇರೂದು ನಿನಗ ಬಿಟ್ಟಿದ್ದು. ರೊಟ್ಟಿ ಸೀಯಾಕತ್ತೈತಿ, ಮೊದ್ಲ ಅದನ್ನ ತಿರುವು" ಎಂದರು ಅತ್ತೆ.

ಆಕೆ ರೊಟ್ಟಿ ತಿರುವಿದಳು. ಕಣ್ಣು ಒರೆಸಿಕೊಂಡಳು, ಹಿಟ್ಟಿನ ಕೈಯಿಂದ ಕೆನ್ನೆಯೆಲ್ಲ ಬೆಳ್ಳಗಾಯಿತು. ಹೋಗುತ್ತೇನೆಂದೂ ಹೇಳಲಿಲ್ಲ, ಇರುತ್ತೇನೆಂದೂ ಹೇಳಲಿಲ್ಲ. ಅತ್ತೆಯ ಮಾತು ನನಗೆ ಒಪ್ಪಿಗೆಯಾಗಿರಲಿಲ್ಲ. ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನಾಲ್ಕು ದಿನ ಅವರ ಜೊತೆ ಮಾತು ಬಿಟ್ಟೆ.

ಐದನೆಯ ದಿನ ನಾನು ತರಗತಿಯಲ್ಲಿದ್ದೆ. ಕೊರಳಲ್ಲಿ ಅಳತೆಪಟ್ಟಿ ತೂಗಿಸಿಕೊಂಡೇ ದರ್ಜಿ ಶಾಲೆಯ ಅಂಗಳಕ್ಕೆ ಓಡಿ ಬಂದರು. ಕೈಯಲ್ಲಿ ಹೂವಿನ ಚಿತ್ರದ ನೀಲಿ ಬಟ್ಟೆ.

"ಅಕ್ಕೋರ! ಪರದಿ! ಕ್ವಾಣಿ ಕಿಡಕಿಗೆ ಪರದಿ ಹೊಲ್ಯಾಕ ಕೊಟ್ಟಾಳ್ರಿ ಮೇಡಂ! ಊರು ಬಿಡೂ ಮಂದಿ ಯಾರರ ಪರದಿ ಹೊಲಿಸ್ತಾರೇನ್ರಿ?"

ವರ್ಗಾವಣೆ ಬೇಡ ಎಂದು ಆಕೆ ಬರೆದುಕೊಟ್ಟಿದ್ದಳು. ನಮಗೆ ಯಾರಿಗೂ ಹೇಳದೆ, ಬಟ್ಟೆ ಅಂಗಡಿಗೆ ಹೋಗಿ ತನಗೆ ಬೇಕಾದ ಬಣ್ಣ ಆರಿಸಿ ತಂದಿದ್ದಳು. ಮಕ್ಕಳ ಮುಂದೆ ಅಳಬಾರದು ಎಂದು ನಾನು ಕರಿಹಲಗೆಯ ಕಡೆ ತಿರುಗಿದೆ. ಬರೆದ ಮಗ್ಗಿಯನ್ನೆಲ್ಲ ಒರೆಸಿ, ಮತ್ತೆ ಅದನ್ನೇ ಬರೆದೆ. ಆ ದಿನ ಮನೆಗೆ ಹೋಗಿ ಅತ್ತೆಯ ಜೊತೆ ಮಾತು ಶುರುಮಾಡಿದೆ. ಅವರು ಏನೂ ಆಗದವರಂತೆ, "ಪುಂಡಿಪಲ್ಯಕ್ಕ ಉಪ್ಪು ನೋಡು" ಎಂದರು.

ಏಳು ಹುಡುಗಿಯರೂ ಪಾಸಾದರು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ದಣಿವಿಲ್ಲ. ನನ್ನ ಮಗಳು ಮುಂದೆ ಓದಲು ಕಲಬುರ್ಗಿಗೇ ಹೋದಳು. ಕರೆದುಕೊಂಡು ಹೋಗಿ ಹಾಸ್ಟೆಲಿನಲ್ಲಿ ಬಿಟ್ಟು ಬಂದವರು, ಆ ಮಾತು ತೆಗೀಬ್ಯಾಡ ಎಂದಿದ್ದ ಅವಳ ಅಪ್ಪನೇ. ಈಗ ಜೇವರ್ಗಿಯಲ್ಲಿ ಗಣಿತ ಕಲಿಸುತ್ತಾಳೆ. ಹೊಸದಾಗಿ ಬಂದ ಶಿಕ್ಷಕಿಯರನ್ನು ಮೊದಲ ವಾರವೇ ಮನೆಗೆ ಕರೆದು ಸೊಪ್ಪು ಸೋಸಲು ಕೂರಿಸುತ್ತಾಳಂತೆ. ನಮ್ಮ ಪದ್ಧತಿ ಹೇಗೆಂದು ಕೇಳಲು ನನ್ನ ತವರು ಆಳಂದದಿಂದ ಕೆಲವರು ಬಂದಿದ್ದರು. ಊಟದ ಏರ್ಪಾಡಿನ ಬಗ್ಗೆ ಬಹಳ ಕೇಳಿದರು. ಅವರನ್ನು ನಾನು ಮೊದಲು ಅತ್ತೆಯ ಹತ್ತಿರ ಕಳಿಸಿದೆ.

ಗಣಿತದ ಮೇಡಂ ಜೀವನಪೂರ್ತಿ ಇಲ್ಲೇ ಉಳಿದಳು ಎಂದು ಬರೆದರೆ ಸುಳ್ಳಾಗುತ್ತದೆ. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಹೋದಳು. ಆಗ ಉಡಿ ತುಂಬಿದೆವು, ತವರಿನವರು ತುಂಬುವ ಹಾಗೆ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅದಲ್ಲ, ನೀಲಿ ಪರದೆ ತೂಗಿದ ಮರುವರ್ಷದ ಒಂದು ಮಧ್ಯಾಹ್ನ.

ಕಂಪೌಂಡರರು ನಿವೃತ್ತಿಯಾಗಿ ಅಂದೋಲಾಕ್ಕೆ ಹೋಗಿದ್ದರು. ದರ್ಜಿಯ ಗೋಡೆಯ ಮೇಲಿನ ಪಟ್ಟಿಯಲ್ಲಿ ಅವರ ಬುಧವಾರ ಖಾಲಿ ಬಿದ್ದಿತ್ತು. ಆ ಜಾಗದಲ್ಲಿ ಆಕೆ ತಾನೇ ಸೀಮೆಸುಣ್ಣ ತೆಗೆದುಕೊಂಡು "ನನ್ನ ಮನೆ" ಎಂದು ಬರೆದಿದ್ದಳು. ಆ ಮಧ್ಯಾಹ್ನ ರಸಾಯನಶಾಸ್ತ್ರಕ್ಕೆ ಒಬ್ಬ ಹೊಸಬ ಬರುವವನಿದ್ದ. ನಾವು ಮೂವರೂ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆವು. ಬಸ್ಸು ಬಂತು. ಕನ್ನಡಕ ಹಾಕಿದ ಹುಡುಗನೊಬ್ಬ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು, ಡ್ರೈವರ ಕಡೆ ತಿರುಗಿ, "ಇದು ವಾಪಸ್ ಎಷ್ಟು ಗಂಟೆಗೆ..." ಎಂದು ಶುರುಮಾಡಿದ. ನನ್ನ ಸಿಟ್ಟು ಮೂಗಿಗೆ ಬಂತು. ನಾನು ಏಳುವಷ್ಟರಲ್ಲಿ ಆಕೆ ಎದ್ದು ಬಸ್ಸಿನ ಬಾಗಿಲಿಗೆ ಹೋಗಿದ್ದಳು.

"ಹೊತ್ತು ಮುಳುಗೂದರಾಗ ಹೋಗತೈತ್ರಿ" ಎಂದಳು, ಮಣ್ಣೂರಿನಲ್ಲಿ ಹುಟ್ಟಿದವಳ ಹಾಗೆ. "ಅದಕ್ಕಿನ್ನಾ ಟೈಮ್ ಐತಿ. ಇವತ್ತು ಬುಧವಾರ, ನಮ್ಮ ಮನಿ ವಾರ. ಬರ್ರಿ, ಕೊಡ ಎತ್ತಾಕ ಬರತೈತಿಲ್ಲೋ ನಿಮಗ? ನೀರು ತರೂದೈತಿ."

ಆತ ಒಂದು ಗಳಿಗೆ ಆಕೆಯ ಮುಖ ನೋಡಿದ. ಆಮೇಲೆ ಇನ್ನೊಂದು ಕಾಲನ್ನೂ ಕೆಳಗಿಟ್ಟ.